ಕನ್ನಡಕಕ್ಕೊಂದು ತೊಗಲಿನ ಮನೆ

ನಮ್ಮ ಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಅದರದ್ದೇ ಆದ ಒಂದು ಮನೆಯಿತ್ತು. ಕೊರಳಿನ ಲಿಂಗಕ್ಕೆ ಬೆಳ್ಳಿಯ ಕರಡಿಗೆ, ಎಲೆಯಡಿಕೆಗೆ ಬಟ್ಟೆಯ ಸಂಚಿ, ಸೂಜಿಗೆ ಬಿದಿರಿನ ಕೊಳವೆ, ಉಪ್ಪಿಗೆ ಮರದ ಮರಿಗೆ, ತಾತನ ತಕ್ಕಡಿಗೆ ಗೋಡೆಯ ಗೂಟ. ಕತ್ತರಿಯನ್ನು ಯಾರಾದರೂ ಕಿಟಕಿಯ ಮೇಲೆ ಬಿಟ್ಟರೆ ತಾತನ ಅಕ್ಕ ನೀಲಕ್ಕ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಯಾರ್ ಮನೆ ಕೂಸಮ್ಮ ಇದು? ಬೀದೀಲಿ ಬಿದ್ದು ಅಳ್ತೈತೆ" ಎಂದು ಇಡೀ ಮನೆಗೆ ಕೇಳುವಂತೆ ಕೂಗುತ್ತಿದ್ದರು. ಬಿಟ್ಟವರು ಬಂದು ಆ ಕೂಸನ್ನು ಅದರ ಮನೆಗೆ ಸೇರಿಸಿ ಬರಬೇಕು. ನೀಲಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ದೇವರ ಕೋಣೆ, ಪಾತ್ರೆಪಡಗ, ಯಾವುದು ಹೊಸಲು ದಾಟಬಹುದು, ಯಾವುದು ದಾಟಕೂಡದು, ಎಲ್ಲ ಅವರ ಸುಪರ್ದಿ. ತಾತ ಮಂಡಿಯಲ್ಲಿ ಯಜಮಾನರು, ಮನೆಯಲ್ಲಿ ನೀಲಕ್ಕನ ತಮ್ಮ.

ಮನೆ ಇದ್ದದ್ದು ಮಧುಗಿರಿಯಲ್ಲಿ, ಬೆಟ್ಟದ ಬುಡಕ್ಕೆ ಹತ್ತಿದಂತಿದ್ದ ಒಂದು ಓಣಿಯಲ್ಲಿ. ಹಗಲೆಲ್ಲ ಕಾದ ಆ ಒಂದೇ ಬಂಡೆಯ ಬೆಟ್ಟ ಸಂಜೆಯಾದ ಮೇಲೆ ಒಲೆಯಿಂದಿಳಿಸಿದ ಬಾಣಲೆಯ ಹಾಗೆ ಮೆಲ್ಲಗೆ ಬಿಸಿ ಬಿಡುತ್ತಿತ್ತು. ನಮ್ಮದು ಹುಣಸೆಹಣ್ಣಿನ ವ್ಯಾಪಾರ. ಸುಗ್ಗಿ ಬಂತೆಂದರೆ ಕೊರಟಗೆರೆ ಕಡೆಯಿಂದ, ದೊಡ್ಡೇರಿ ಕಡೆಯಿಂದ ಗಾಡಿಗಳು ಬಂದು ಹಿತ್ತಿಲಿನ ಕೊಟ್ಟಿಗೆ ತುಂಬಿ, ಅಲ್ಲಿಂದ ಉಕ್ಕಿ, ಪಡಸಾಲೆಯ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು ಹಣ್ಣಿನ ರಾಶಿ. ನಮ್ಮ ಬಟ್ಟೆ, ಹಾಸಿಗೆ, ನನ್ನ ಜಡೆ, ಎಲ್ಲಕ್ಕೂ ಅದೇ ಹುಳಿವಾಸನೆ. ಹಗಲು ಕೋಟೆ ಕೆಳಗಿನ ಕೇರಿಯ ಹೆಂಗಸರು ಕೊಟ್ಟಿಗೆಯಲ್ಲಿ ಕೂತು ಬೀಜ ಬಿಡಿಸಿ ಹೊತ್ತು ಮುಳುಗುವಾಗ ಹೊರಟುಹೋಗುತ್ತಿದ್ದರು. ದೀಪ ಹಚ್ಚಿದ ಮೇಲೆ ಓಣಿಯ ನಮ್ಮವರೇ ನಾಲ್ಕಾರು ಮನೆಯ ಹೆಂಗಸರು ಪಡಸಾಲೆಯಲ್ಲಿ ಸೇರುತ್ತಿದ್ದರು. ಅವರೂ ಕೈಯಲ್ಲಿ ಹಣ್ಣು ಬಿಡಿಸುತ್ತಿದ್ದರು, ಆದರೆ ಬರುತ್ತಿದ್ದದ್ದು ಹಣ್ಣಿಗಲ್ಲ. ಅಜ್ಜಿ ಪುರಾಣ ಓದುತ್ತಿದ್ದರು, ಅದಕ್ಕೆ.

ಅಜ್ಜಿ, ಹೆಸರು ಗೌರಿ, ಪಾವಗಡದ ಕಡೆಯವರು. ಅವರ ತಂದೆ ಊರ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದ ಅಯ್ಯನೋರು. ಗಂಡುಮಕ್ಕಳು ತಿದ್ದಿ ಎದ್ದುಹೋದ ಮರಳಿನ ಮೇಲೆ ಮಗಳನ್ನು ಕೂರಿಸಿಕೊಂಡು ಅವಳಿಗೂ ತಿದ್ದಿಸಿದವರು. ಅಜ್ಜಿ ಪುಸ್ತಕದ ಒಂದು ಸಾಲು ರಾಗವಾಗಿ ಓದಿ, ಆಮೇಲೆ ಪುಸ್ತಕದಿಂದ ತಲೆಯೆತ್ತಿ ಅದನ್ನೇ ನಮ್ಮ ಓಣಿಯ ಮಾತಿನಲ್ಲಿ ಹೇಳುತ್ತಿದ್ದರು. ಪುಸ್ತಕದ ರಾಜ ನಮ್ಮ ಓಣಿಯ ಮಾತಿಗೆ ಬರುವಷ್ಟರಲ್ಲಿ ಸೊಂಟನೋವಿರುವ ಮುದುಕನಾಗಿರುತ್ತಿದ್ದ. ರಾಣಿ ಸೊಸೆಯ ಮೇಲೆ ದೂರು ಹೇಳುವಾಗ ನಡುವೆ ಅಜ್ಜಿಯ ತವರಿನ ತೆಲುಗು ಬೀಳುತ್ತಿತ್ತು. ನನಗೆ ಭಾಷೆಯೆಂಬುದು ಬಂದದ್ದು ಆ ತಲೆಯೆತ್ತುವ ಗಳಿಗೆಯಲ್ಲಿ. ಕಣ್ಣು ಕಾಗದದಿಂದ ಮನುಷ್ಯರ ಕಡೆಗೆ ಬಂದಾಗ ಮಾತಿಗೆ ಹೇಗೆ ಮೈ ಬರುತ್ತದೆಂದು ನಾನು ಅಲ್ಲಿ ಕೂತು, ಬಾಯಲ್ಲೊಂದು ಹುಣಸೆಬೀಜ ಇಟ್ಟುಕೊಂಡು, ನೋಡಿದ್ದೇನೆ.

ಅಜ್ಜಿಯ ಕಣ್ಣು ಮಂಜಾಗತೊಡಗಿದಾಗ ತಾತ ತುಮಕೂರಿನ ಡಾಕ್ಟರಿಗೆ ತೋರಿಸಿ ಕನ್ನಡಕ ಕೊಡಿಸಿದರು. ಹೆಂಗಸು ಕನ್ನಡಕ ಹಾಕುವುದು ನಮ್ಮ ಓಣಿಗೆ ಹೊಸದು. ಮೊದಲೆರಡು ಸಂಜೆ ಪುರಾಣಕ್ಕಿಂತ ಅಜ್ಜಿಯ ಮುಖ ನೋಡಲು ಬಂದವರೇ ಹೆಚ್ಚು. ಕನ್ನಡಕದ ಜೊತೆಗೊಂದು ತಗಡಿನ ಡಬ್ಬಿಯೂ ಬಂದಿತ್ತು. ಮುಚ್ಚಿದರೆ ಇಲಿಬೋನು ಬಿದ್ದ ಹಾಗೆ ಸದ್ದು. ತಾತನಿಗಾದರೆ ಅಂಗಿಯಿತ್ತು, ಅಂಗಿಗೆ ಜೇಬಿತ್ತು. ಅಜ್ಜಿ ಎಲ್ಲಿಡಬೇಕು? ಸೊಂಟಕ್ಕೆ ಸಿಕ್ಕಿಸಿದರೆ ಕೂತಾಗ ಹೊಟ್ಟೆಗೆ ಒತ್ತುತ್ತದೆ, ಬಗ್ಗಿದಾಗ ಒಲೆಯ ಮುಂದೆ ಢಣಾರೆಂದು ಬೀಳುತ್ತದೆ. ಬೇಸತ್ತು ಅದನ್ನು ಅಟ್ಟಕ್ಕೆ ಹಾಕಿದರು. ಖಾಲಿ ಡಬ್ಬಿ ಕಂಡರೆ ಸುಮ್ಮನಿರದ ನೀಲಕ್ಕ ಅದರಲ್ಲಿ ವಿಭೂತಿಗಟ್ಟಿ ತುಂಬಿಟ್ಟರು. ಹೀಗೆ ಎಲ್ಲದಕ್ಕೂ ಮನೆಯಿದ್ದ ನಮ್ಮ ಮನೆಯಲ್ಲಿ ಅಜ್ಜಿಯ ಕನ್ನಡಕವೊಂದೇ ಪರದೇಶಿಯಾಯಿತು. ಒಂದು ದಿನ ಗೋಡೆಯ ಗೂಡಿನಲ್ಲಿ, ಒಂದು ದಿನ ಅಕ್ಕಿಯ ಮೊರದಲ್ಲಿ, ಒಂದು ದಿನ ಅಜ್ಜಿಯ ಹಣೆಯ ಮೇಲೇ ಇದ್ದು ಮನೆಮಂದಿಯೆಲ್ಲ ಹುಡುಕುವಂತೆ.

ಶಿವರಾತ್ರಿಯ ಹಿಂದಿನ ದಿನ ನೀಲಕ್ಕ ಮನೆಯ ಕಂಚು ಹಿತ್ತಾಳೆಯನ್ನೆಲ್ಲ ಹಿತ್ತಿಲಿಗೆ ಹಾಕಿಕೊಂಡು ಬೆಳಗುವುದು ಪದ್ಧತಿ. ಹುಣಸೆಹಣ್ಣು, ಜರಡಿ ಹಿಡಿದ ಒಲೆಬೂದಿ, ತೆಂಗಿನ ನಾರು. ಅವರು ಬೆಳಗಿದ ದೀಪದ ಕಂಬದಲ್ಲಿ ಮುಖ ನೋಡಿಕೊಂಡು ಹೂ ಮುಡಿಯಬಹುದಾಗಿತ್ತು. ಆ ದಿನ ಪಾತ್ರೆಗಳ ನಡುವೆ ಕನ್ನಡಕ ಸಿಕ್ಕಿದೆ. ಅಜ್ಜಿಯ ಬೆರಳಿನ ಹುಣಸೆ ಅಂಟಿ ಗಾಜು ಜಿಗುಟಾಗಿತ್ತು. ಮಾರನೆಯ ದಿನ ಜಾಗರಣೆಗೆ ಪುರಾಣ ಓದುವುದಿದೆ, ಗೌರಿಗೆ ಚೆನ್ನಾಗಿ ಕಾಣಲಿ ಎಂಬ ಪ್ರೀತಿಯಿಂದಲೇ ನೀಲಕ್ಕ ಅದನ್ನೂ ಬೆಳಗಿದರು. ಸೆರಗಿನಲ್ಲಿ ಒರೆಸಿ ತಂದು ಅಜ್ಜಿಯ ಕೈಗಿಟ್ಟರು.

"ನೋಡೆ ಗೌರಿ, ಹೆಂಗ್ ಬೆಳಗಿವ್ನಿ! ಹಂಗೇ ಜಿಗಟು ಹಿಡ್ಕೊಂಡಿತ್ತು ಕಣೆ. ಹುಣಿಸೇಹಣ್ಣು ಬೂದಿ ಹಾಕಿ ತಿಕ್ಬುಟ್ಟೆ."

ಅಜ್ಜಿ ಹಾಕಿಕೊಂಡು ಬಾಗಿಲ ಕಡೆ ನೋಡಿದರು, ದೀಪದ ಕಡೆ ನೋಡಿದರು, ಆಮೇಲೆ ನೀಲಕ್ಕನ ಕಡೆ.

"ಅಕ್ಕಾ, ಮನೇಲಿ ಹೊಗೆ ಆಡ್ತಾ ಐತಾ?"

"ಒಲೇನೇ ಹಚ್ಚಿಲ್ವಲ್ಲೇ ಇನ್ನೂ."

"ಹಂಗಾದ್ರೆ ಹೊಗೆ ಇದ್ರಾಗೇ ಐತೆ ಬುಡು."

ಗಾಜಿನ ತುಂಬ ಕೂದಲೆಳೆಯಂಥ ಗೀರು, ಲೆಕ್ಕವಿಲ್ಲದಷ್ಟು. ನೀಲಕ್ಕ ಬೆಳಕಿಗೆ ಹಿಡಿದು ನೋಡಿದರು, ಅವರ ಕಣ್ಣಿಗೆ ಅದು ಬೆಳ್ಳಗೇ ಕಂಡಿತು. ಆದರೆ ಅಜ್ಜಿಯ ಮುಖ ಕಂಡು ಏನೋ ಆಗಿದೆಯೆಂದು ತಿಳಿಯಿತು. ಮಾರನೆಯ ದಿನ ಎಲ್ಲರಿಗೂ ಉಪವಾಸ. ಅದರ ಮಾರನೆಯ ದಿನವೂ ನೀಲಕ್ಕ ಎಲೆಯ ಮುಂದೆ ಬರಲಿಲ್ಲ. ಅಜ್ಜಿ ತಾವೇ ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಅವರ ಮುಂದೆ ಕೂತರು.

"ಶಿವಾನೇ ಎದ್ದು ಉಂಡವ್ನೆ ಕಣಕ್ಕ. ನಿಂದೇನು ಅವನಿಗಿಂತ ಹೆಚ್ಚಿಂದು? ಬಾಯ್ ತೆಗಿ."

ನಮ್ಮ ಮನೆಯಲ್ಲಿ ಜಗಳಗಳಿಗೆ ಕೊರತೆಯಿರಲಿಲ್ಲ. ಆದರೆ ಆ ಒಂದು ವಿಷಯಕ್ಕೆ ಅಜ್ಜಿ ಜಗಳವಾಡಲಿಲ್ಲ. ದೊಡ್ಡವರಾಗುವುದೆಂದರೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ಇವತ್ತಿಗೂ ನನಗೆ ನೆನಪಾಗುವುದು ಆ ಕಲಸಿದ ಅನ್ನ.

ಆಗ ಎರಡನೇ ಮಹಾಯುದ್ಧದ ಕಾಲ. ಗಾಜು ಹಡಗಿನಲ್ಲಿ ಬರಬೇಕಂತೆ, ಹಡಗು ಬರುತ್ತಿಲ್ಲವಂತೆ. ತಾತ ಕೇಳಿದ ಕಡೆಯೆಲ್ಲ ಇದೇ ಉತ್ತರ. ಸುಗ್ಗಿ ಬಂತು, ಹೆಂಗಸರು ಬಂದರು, ಅಜ್ಜಿ ಪುಸ್ತಕ ಬಿಚ್ಚಲಿಲ್ಲ. ಕೈಗೆ ಕೆಲಸವಿದ್ದು ಕಿವಿಗೆ ಕೆಲಸವಿಲ್ಲದಿದ್ದರೆ ಏನಾಗುತ್ತದೋ ಅದೇ ಆಯಿತು: ಯಾರ ಕರು ಯಾರ ಹಿತ್ತಿಲಿಗೆ ಹೋಯಿತೆಂಬ ವಿಚಾರ ಎದ್ದು, ಒಂದು ಸಂಜೆ ಇಬ್ಬರು ಮೊರ ಎತ್ತಿಕೊಂಡು ಹೊರಟೇ ಹೋದರು. ಅವತ್ತು ಅಜ್ಜಿ ನನ್ನನ್ನು ಕರೆದು ಪುಸ್ತಕವನ್ನು ತೊಡೆಯ ಮೇಲಿಟ್ಟರು. ನಾನು ಹೆಣ್ಣುಮಕ್ಕಳ ಇಸ್ಕೂಲಿನಲ್ಲಿ ಒತ್ತಕ್ಷರ ದಾಟಿದ್ದೆ, ಅಷ್ಟೆ. ಒಂದೊಂದೇ ಅಕ್ಷರವನ್ನು ಬೀಜ ಬಿಡಿಸಿದ ಹಾಗೆ ಬಿಡಿಸಿ ಬಿಡಿಸಿ ಓದಿದೆ. ಎಲ್ಲರೂ ಆಕಳಿಸಿದರು.

"ಅಕ್ಷರ ಓದ್ಬ್ಯಾಡ ಕಣೆ ಗಿರ್ಜಿ, ಮಾತು ಓದು. ಸಾಲು ಮುಗೀತು ಅಂತ ನಿಲ್ಬ್ಯಾಡ. ಸಾಲು ಕಾಗದದ್ದು, ಉಸಿರು ನಿಂದು."

ಆ ವರ್ಷವಿಡೀ ನಾನು ಓದುತ್ತಿದ್ದೆ, ಅಜ್ಜಿ ಹೇಳುತ್ತಿದ್ದರು. ನಾನು ತಪ್ಪಿದರೆ ನೋಡದೆಯೇ ತಿದ್ದುತ್ತಿದ್ದರು. ಅಷ್ಟೂ ಬಾಯಿಗೆ ಬರುತ್ತಿತ್ತು. ಹಾಗಾದರೆ ಕನ್ನಡಕವೇಕೆ ಬೇಕು ಎಂದು ನಾನೊಮ್ಮೆ ಕೇಳಿಬಿಟ್ಟೆ. ಗೂಡಿನಲ್ಲಿ ಒಂದು ಹೊಸ ಪುಸ್ತಕವಿತ್ತು. ಕನ್ನಡಕ ಹಾಳಾಗುವ ಮುಂಚೆ ತಾತ ತಂದದ್ದು, ಶರಣರ ಕಥೆಗಳದ್ದು, ಕಟ್ಟಿದ ದಾರವನ್ನು ಕೂಡ ಬಿಚ್ಚಿರಲಿಲ್ಲ. ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು.

"ಬಾಯಿಗೆ ಬರೋದೆಲ್ಲ ನಂಗೆ ಮೊದ್ಲೇ ಗೊತ್ತಿರೋದು ಕಣಮ್ಮ. ಗೊತ್ತಿಲ್ದೇ ಇರೋದು ಬೇಕು ಅಂದ್ರೆ ಕಣ್ಣೇ ಬೇಕು."

ಮತ್ತೊಂದು ಸುಗ್ಗಿ ಹತ್ತಿರ ಬರುವಾಗ, ಸಿರಾದ ಸಂತೆಗೆ ಕನ್ನಡಕದ ಸಾಬರೊಬ್ಬರು ಬಂದು ಕೂರುತ್ತಾರೆಂಬ ಸುದ್ದಿ ಬಂತು. ತಾತ ಒಂದು ಮಾತು ಹೇಳಿದರು: ಕನ್ನಡಕ ತಂದರೆ ಅದರ ಮನೆಯ ಸಮೇತ ತರುವುದು, ಮನೆ ಸಿಗದಿದ್ದರೆ ಕನ್ನಡಕವೂ ಬೇಡ, ಇನ್ನೊಂದು ಸಲ ಪರದೇಶಿಯಾಗುವುದು ಬೇಡ. ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ನಾವು ಮೂವರು ಹೊರಟೆವು. ದಿಣ್ಣೆ ಬಂದಲ್ಲೆಲ್ಲ ಗಂಡಸರು ಇಳಿದು ನೂಕಬೇಕು. ತಾತ ನೂಕಿ, ಮಸಿ ಮೆತ್ತಿದ ಮುಖದಲ್ಲಿ ಮತ್ತೆ ಹತ್ತಿ ಬಂದು ಕೂತರೆ, ಅಜ್ಜಿ ಮುಖ ತಿರುಗಿಸಿಕೊಂಡು ಸೆರಗಿನಲ್ಲಿ ನಗುತ್ತಿದ್ದರು. ನನ್ನನ್ನು ಯಾಕೆ ಕರೆದುಕೊಂಡು ಹೊರಟಿದ್ದರೆಂದು ನನಗೆ ತಿಳಿದದ್ದು ಸಂತೆಯಲ್ಲಿ. ಕನ್ನಡಕದ ಸಾಬರು ಕಂಬಳಿಯ ಮೇಲೆ ಕನ್ನಡಕ ಹರಡಿಕೊಂಡು ಕೂತಿದ್ದರು. ಡಾಕ್ಟರಿಕೆ ಏನೂ ಇಲ್ಲ. ಒಂದೊಂದೇ ಹಾಕಿಕೊಂಡು ಓದಿ ನೋಡುವುದು, ಓದಲಿಕ್ಕೆ ಬಂದದ್ದು ನಿಮ್ಮದು. ಅಜ್ಜಿ ಮೊದಲನೆಯದನ್ನು ಹಾಕಿಕೊಂಡು, ಮನೆಯಿಂದ ತಂದಿದ್ದ ಪುರಾಣ ತೆರೆದು, ರಾಗವಾಗಿ ಓದಿದರು. ಸಾಬರು ತೊಡೆ ತಟ್ಟಿದರು.

"ಬಸ್! ಫಿಟ್ಟಾಗಿ ಕೂತ್ಕೊಂಡ್ತು. ಮೊದಲನೇದೇ ನಿಮ್ದು ಅಮ್ಮಾ, ನಸೀಬು!"

ನನಗೆ ಅನುಮಾನ ಬಂತು. ಮೆಲ್ಲಗೆ ಒಂದು ಹಾಳೆ ಮಗುಚಿದೆ. ಅಜ್ಜಿ ನಿಲ್ಲಲಿಲ್ಲ, ಮಗುಚಿದ ಹಾಳೆಯಲ್ಲಿ ಇಲ್ಲದ ಸಾಲುಗಳನ್ನೇ ಓದುತ್ತ ಹೋದರು.

"ಅಜ್ಜಿ, ಅದು ಹಿಂದಿನ ಹಾಳೇಲೈತೆ."

ಸುತ್ತ ನಿಂತವರು ಗೊಳ್ಳೆಂದರು. ಅಜ್ಜಿಯೂ ನಕ್ಕರು. ಅವರು ಬೇಕೆಂದು ಮಾಡಿದ್ದಲ್ಲ. ಪುಸ್ತಕ ತೊಡೆಯ ಮೇಲೆ ಬಂದರೆ ಬಾಯಿ ತಾನಾಗಿ ಹೊರಟುಬಿಡುತ್ತಿತ್ತು. ಅದಕ್ಕೇ ತಾತ ನನ್ನನ್ನು ಕಾವಲಿಗೆ ತಂದಿದ್ದರು. ಪುರಾಣ ಕಟ್ಟಿಟ್ಟು, ಪಕ್ಕದ ಅಂಗಡಿಯಿಂದ ಒಂದು ಸಾಬೂನಿನ ಕಾಗದ ತಂದುಕೊಟ್ಟೆ. ಅದು ಯಾರಿಗೂ ಬಾಯಿಗೆ ಬರುವಂಥದ್ದಲ್ಲ. ಒಂದೊಂದೇ ಕನ್ನಡಕ ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ ಒಂದು ದುಂಡು ಗಾಜಿನದು ಮೂಗಿನ ಮೇಲೆ ಕೂತಾಗ ಅಜ್ಜಿಯ ದನಿ ಬದಲಾಯಿತು. ರಾಗವಿಲ್ಲದೆ, ತಡೆದು ತಡೆದು, ಚಿಕ್ಕ ಹುಡುಗಿಯ ಹಾಗೆ ಓದಿದರು: ಬಟ್ಟೆಗಳನ್ನು... ನೆನೆಸಿ... ನೆರಳಿನಲ್ಲಿ... ಅಜ್ಜಿ ತಡವರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದರಷ್ಟು ಸಂತೋಷದ ತಡವರಿಕೆಯನ್ನು ಆಮೇಲೂ ಕೇಳಿಲ್ಲ.

ಅಲ್ಲಿಂದ ತೊಗಲಿನ ಅಂಗಡಿ. ಕುದುರೆಯ ಜೀನು, ಎತ್ತಿನ ಕೊರಳಪಟ್ಟಿ, ಬಾರುಕೋಲು ಎಲ್ಲ ನೇತುಬಿದ್ದು, ಒಳಗೆ ಎಣ್ಣೆಯ ಮತ್ತು ತೊಗಲಿನ ಘಾಟು. ಅಂಗಡಿಯ ಸಾಬರು ಹೊಟ್ಟೆಯುಳ್ಳವರು, ಮಾತುಳ್ಳವರು. ಕೆಂಪು ತೊಗಲು ಹೊದಿಸಿದ, ಒಳಗೆ ಮಖಮಲ್ಲಿದ್ದ ಒಂದು ಪೆಟ್ಟಿಗೆ ತೆಗೆದು ಊದಿ ಮುಂದಿಟ್ಟರು.

"ಅಮಲ್ದಾರ್ ಸಾಹೇಬ್ರು ಇಂಥಾದ್ದೇ ತಗೊಂಡಿದ್ದು ಯಜಮಾನ್ರೆ. ಬಿಲ್ಕುಲ್ ಇದೇ."

ತಾತನ ಕಣ್ಣು ಅದರ ಮೇಲೆ ಬಿತ್ತು. ಅಜ್ಜಿ ಅದನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿ, ಅಂಗಡಿಯ ಹಲಗೆಯ ಮುಂದೆ, ಬೀಸುಕಲ್ಲಿನ ಮುಂದೆ ಕೂತ ಹಾಗೆ ಕೂತುಬಿಟ್ಟರು.

"ಚುಚ್ತೈತೆ. ಬ್ಯಾಡ."

ಸಾಬರು ಕೊರಳಿಗೆ ನೇತುಹಾಕುವ ಬಾರಿದ್ದ ಇನ್ನೊಂದನ್ನು ಕೊಟ್ಟರು.

"ಕೊರಳಾಗೆ ಆಗ್ಲೇ ಕರಡಿಗೆ ಐತೆ ಸಾಬ್ರೆ. ಇದ್ನೂ ಹಾಕ್ಕೊಂಡು ಮನೆಮನೆಗೆ ತಲೆಯಾಡಿಸ್ಕೊಂಡು ಹೋಗಾಕೆ ನಾನೇನು ಕೋಲೆಬಸವನಾ?"

"ಮತ್ತೆ ಹ್ಯಾಗೆ ಬೇಕು ಅಮ್ಮಾ? ಹೇಳ್ಬುಡಿ."

"ಗಂಡಸ್ರಿಗೆ ಜೇಬೈತೆ. ನಮ್ಗೆ ಸೊಂಟವೇ ಜೇಬು. ಕೂತ್ರೆ ಚುಚ್ಬಾರ್ದು, ಬಗ್ಗಿದ್ರೆ ಬೀಳ್ಬಾರ್ದು, ಎದ್ದು ನಿಂತ್ರೆ ಐತೋ ಇಲ್ವೋ ಅನ್ನಂಗಿರ್ಬೇಕು. ಅಂಥಾದ್ದು ಕೊಡಿ."

ಸಾಬರು ಕೊಟ್ಟದ್ದೆಲ್ಲ ಒಂದೋ ಚುಚ್ಚಿತು, ಇಲ್ಲವೇ ಬಿತ್ತು. ಅಜ್ಜಿ ಕೂರುವುದು, ಏಳುವುದು, ಕಸ ಗುಡಿಸುವ ಹಾಗೆ ಬಗ್ಗುವುದು. ಎದುರಿಗೆ ಬದನೆಕಾಯಿ ಮಾರುತ್ತಿದ್ದ ಮದಲೂರಿನ ಹೆಂಗಸಿಗೆ ತಡೆಯಲಾಗಲಿಲ್ಲ.

"ಏನಮ್ಮೋ, ಈ ವಯಸ್ನಾಗೆ ಕುಣಿಯಾಕ್ ಕಲೀತಿದ್ದೀಯಾ?"

"ಓದಾಕೆ ಕಣಮ್ಮ, ಓದಾಕೆ!" ಎಂದರು ಅಜ್ಜಿ, ಬಗ್ಗಿದಲ್ಲಿಂದಲೇ.

ಹಾಗೆ ಬಗ್ಗಿದಾಗಲೇ ಮೂಲೆಯಲ್ಲಿ ಗೊಂಚಲಾಗಿ ಕಟ್ಟಿಟ್ಟಿದ್ದ ಕರಿಯ ಚೀಲಗಳು ಕಣ್ಣಿಗೆ ಬಿದ್ದದ್ದು. ಮೇಕೆಯ ತೊಗಲು, ಅಂಗೈಯಷ್ಟಗಲ, ಹಪ್ಪಳದಷ್ಟು ತೆಳ್ಳಗೆ, ಮೇಲೊಂದು ಮಡಿಕೆ.

"ಅದು ನಕ್ಕೋ ಅಮ್ಮಾ, ಅದು ನಿಮಗಲ್ಲ. ಹಜಾಮರಿಗೆ ಮಾಡಿದ್ದು. ಜೋಡಿ ಕತ್ತಿ ಇಡೋ ಚೀಲ."

ತಾತ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ಶಿವ ಶಿವಾ! ಪುರಾಣ ಓದೋ ಕನ್ನಡಕಾನ ಕ್ಷೌರದ ಚೀಲ್ದಾಗೆ ಇಡ್ತೀಯೇನೇ? ಜನ ಏನಂದಾರು?"

"ಕತ್ತೀನ ಕುಯ್ಯದಂಗೆ ಇಡೋವಂಥದ್ದು ಗಾಜನ್ನ ಗೀರದಂಗೆ ಇಡಾಕಿಲ್ವಾ? ಹೊಸಾದು ತಾನೆ? ಯಾವ ಗಡ್ಡಾನೂ ಕಂಡಿಲ್ಲ ತಾನೆ?"

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕು, ಎರಡು ಕತ್ತಿಗಳ ನಡುವಿನ ಹೊಲಿಗೆಯನ್ನು ಬಿಚ್ಚಿ, ಒಂದೇ ಕೋಣೆ ಮಾಡಿಕೊಟ್ಟರು. ಕನ್ನಡಕ ಒಳಗೆ ಜಾರಿ ಸುಮ್ಮನೆ ಮಲಗಿತು. ಅಜ್ಜಿ ಸೊಂಟಕ್ಕೆ ಸಿಕ್ಕಿಸಿದರು: ಕೂತರು, ಬಗ್ಗಿದರು, ಎದ್ದರು. ಚುಚ್ಚಲಿಲ್ಲ, ಬೀಳಲಿಲ್ಲ, ಕಾಣಲಿಲ್ಲ. ಇದನ್ನು ಬರೆಯುತ್ತಿರುವಾಗ ಅದೇ ಚೀಲ ನನ್ನ ಸೊಂಟದಲ್ಲಿದೆ. ಮೊಮ್ಮಕ್ಕಳು ತಂದುಕೊಟ್ಟ ಗಟ್ಟಿ ಡಬ್ಬಿಗಳಲ್ಲಿ ನಾನು ಗುಂಡಿ, ಹುಕ್ಕು ಇಟ್ಟುಕೊಂಡಿದ್ದೇನೆ. ಯಾವುದೂ ಬಗ್ಗುವ ಪರೀಕ್ಷೆಯಲ್ಲಿ ಪಾಸಾಗಲಿಲ್ಲ.

ದಾರಿಯುದ್ದಕ್ಕೂ ತಾತನದು ಒಂದೇ ಚಿಂತೆ, ಅಕ್ಕ ಏನನ್ನುತ್ತಾಳೋ. ನೀಲಕ್ಕ ಬಾಗಿಲಲ್ಲಿ ಕಾಲಿಗೆ ನೀರು ಹಿಡಿದು ನಿಂತಿದ್ದರು. ಚೀಲ ಸೊಂಟದಲ್ಲಿ ಕಾಣುತ್ತಿರಲಿಲ್ಲ ನಿಜ. ಆದರೆ ನೀಲಕ್ಕನ ಕಣ್ಣು ಮಂಜಾಗಿದ್ದರೂ ಮೂಗು ಮಂಜಾಗಿರಲಿಲ್ಲ.

"ಏನೇ ವಾಸ್ನೆ ಇದು? ತೊಗಲಾ? ಸೊಂಟದಾಗಾ? ಮೇಲೆ ಲಿಂಗ, ಕೆಳಗೆ ತೊಗಲು! ಇದು ಹೊಸಲು ದಾಟಾಂಗಿಲ್ಲ ಕಣೆ ಗೌರಿ."

"ಅಕ್ಕಾ, ಶಿವಾನೇ ಆನೆ ತೊಗಲು ಹೊದ್ಕೊಂಡವ್ನೆ."

"ಹೊದ್ಕೊಳ್ಲಿ. ಅವ್ನು ಸ್ಮಶಾನದಾಗೂ ಮಲಗ್ತಾನೆ. ನೀನೂ ಹೋಗಿ ಮಲ್ಕೋತೀಯಾ?"

"ತೋಟದಾಗೆ ಕಪಿಲೆ ಹೊಡೆದು ನೀರೆತ್ತೋ ಬಾನಿ ಯಾತರದ್ದು? ತೊಗಲಿಂದಲ್ವಾ? ಆ ನೀರಾಗೆ ಬೆಳೆದ ಸೊಪ್ಪು ನೀನು ಉಣ್ಣಾಕಿಲ್ವಾ?"

"ಸೊಪ್ಪು ತೊಳೆದು ಉಣ್ತೀನಿ. ಇದ್ನ ತೊಳೀತೀಯಾ? ಕೆರ ಎಲ್ಲಿರ್ತದೋ ಅಲ್ಲೇ ಇರ್ಲಿ ಅದು."

ತಾತ ಆ ಹೊತ್ತಿಗೆ ಮಂಡಿಯ ಕಡೆ ಹೊರಟುಹೋಗಿದ್ದರು. ನನ್ನ ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ನಾನು ಅಜ್ಜಿಯ ಮುಖ ನೋಡಿದೆ. ಇಷ್ಟು ದೂರ ಹೋಗಿ ತಂದ ಕಣ್ಣು ಬಾಗಿಲಲ್ಲೇ ನಿಂತುಹೋಯಿತಲ್ಲ ಎಂದು ನನಗೆ ಅಳು ಬರುವಂತಾಗಿತ್ತು. ಬರೀ ಕನ್ನಡಕವನ್ನು ಒಳಗೆ ತಂದು ಚೀಲ ಹೊರಗಿಟ್ಟರಾಗದೇ ಎಂದು ಅವ್ವ ಒಳಗಿನಿಂದಲೇ ಕೇಳಿದಳು. ಅಜ್ಜಿ ತಲೆಯಾಡಿಸಿದರು.

"ಈ ಮನೇಲಿ ಯಾವ್ದೂ ಅದರ ಮನೆ ಬಿಟ್ಟು ಇರಾಂಗಿಲ್ಲ ಅಂತ ಹೇಳ್ಕೊಟ್ಟವಳು ಅಕ್ಕಾನೇ. ಅದರ ಮನೆ ಹೊರಗಡೆ ಅಂದ್ರೆ ಹೊರಗಡೆ. ಆಗ್ಲಿ ಬುಡು, ನಾನೇ ಅಲ್ಲಿಗೆ ಹೋಯ್ತೀನಿ."

ಜಗಲಿಯ ಕಂಬದಲ್ಲಿ, ಚಪ್ಪಲಿ ಬಿಡುವ ಜಾಗದ ಮೇಲೆ, ಒಂದು ಮೊಳೆ ಹೊಡೆಸಿ ಚೀಲವನ್ನು ನೇತುಹಾಕಿದರು. ಸಂಜೆ ಚಾಪೆ, ಹೊಂಗೆ ಎಣ್ಣೆಯ ದೀಪ, ದಾರ ಬಿಚ್ಚಿದ ಹೊಸ ಪುಸ್ತಕ ಎಲ್ಲ ಜಗಲಿಗೆ ಬಂದವು. ಓಣಿಯ ಹೆಂಗಸರು ಗೊಣಗುತ್ತಲೇ ಬಂದು ಕೂತರು. ಆಗ ನಡೆದದ್ದನ್ನು ಯಾರೂ ಎಣಿಸಿರಲಿಲ್ಲ. ಬೀಜ ಬಿಡಿಸಿ ಮನೆಗೆ ಹೊರಟಿದ್ದ ಕೋಟೆ ಕೆಳಗಿನವರು, ತಲೆಯ ಮೇಲೆ ಗಂಟು ಹೊತ್ತವರು, ಬೀದಿಯಲ್ಲಿ ನಿಂತರು. ಅವರಲ್ಲಿ ತಿಮ್ಮಕ್ಕ ಎಂಬಾಕೆ ಬಾಯಿಗೆ ಹೆಸರಾದವಳು. ವರ್ಷಗಟ್ಟಲೆ ನಮ್ಮ ಕೊಟ್ಟಿಗೆಯಲ್ಲಿ ದುಡಿದವಳು, ಆದರೆ ಪಡಸಾಲೆಗೆ ಕಾಲಿಟ್ಟವಳಲ್ಲ. ಒಂದು ಸಾಲು, ಎರಡು ಸಾಲು ಕೇಳಿ, ಗಂಟನ್ನು ಇಳಿಸಿ ಅದರ ಮೇಲೇ ಕೂತಳು.

"ಓದವ್ವ, ನಿಲ್ಬ್ಯಾಡ. ನಮ್ ಗಂಡಂದಿರು ಎಲ್ಲೂ ಓಡೋಗಾಕಿಲ್ಲ, ಓಡೋದ್ರೂ ಒಳ್ಳೇದೇ."

ಹೊಸ ಪುಸ್ತಕ ಅಜ್ಜಿಗೂ ಹೊಸದು. ಮುಂದೇನೆಂದು ಓದುವವರಿಗೂ ತಿಳಿಯದು, ಕೇಳುವವರಿಗೂ ತಿಳಿಯದು. ಅಜ್ಜಿ ತಲೆಯೆತ್ತಿ ಹೇಳುವಾಗ ಈಗ ಬೀದಿಯ ಕಡೆಗೂ ತಿರುಗಿ ಹೇಳಬೇಕು, ದನಿ ಏರಿಸಬೇಕು. ದಿನದಿಂದ ದಿನಕ್ಕೆ ಬೀದಿಯ ಗುಂಪು ಜಗಲಿಯ ಗುಂಪಿಗಿಂತ ದೊಡ್ಡದಾಯಿತು.

ನೀಲಕ್ಕ ಮಾತ್ರ ಒಳಗೆ ಪಡಸಾಲೆಯಲ್ಲಿ ಒಬ್ಬರೇ ಹಣ್ಣು ಬಿಡಿಸುತ್ತ ಕೂತಿರುತ್ತಿದ್ದರು. ಕಿವಿ ಸ್ವಲ್ಪ ಮಂದ. ಹೊರಗಿನ ನಗು ಕೇಳಿಸುತ್ತಿತ್ತು, ನಗುವಿನ ಕಾರಣ ಕೇಳಿಸುತ್ತಿರಲಿಲ್ಲ.

"ಲೇ ಗಿರ್ಜಿ, ಯಾಕ್ ನಕ್ರು? ಕೇಳ್ಕೊಂಡ್ ಬಾ."

ನಾನು ಹೊರಗೋಡಿ ಕೇಳಿಕೊಂಡು ಬಂದು ಹೇಳುತ್ತಿದ್ದೆ. ನೀಲಕ್ಕ ಪೂರ್ತಿ ಕೇಳಿ ಮುಖ ಸೊಟ್ಟ ಮಾಡುತ್ತಿದ್ದರು.

"ಇಷ್ಟಕ್ಕೆ ಅಷ್ಟು ನಕ್ರಾ? ನೀನೆಲ್ಲೋ ಬುಟ್ಬುಟ್ಟಿದ್ದೀಯ. ಇನ್ನೊಂದಪ ಹೋಗ್ ಬಾ."

ಮತ್ತೆ ಹೋಗುತ್ತಿದ್ದೆ. ಅಜ್ಜಿ ಯಾವ ಮಾತಿಗೆ ನಿಂತರು, ಯಾವ ಮಾತಿಗೆ ಕೈ ಎತ್ತಿದರು, ತಿಮ್ಮಕ್ಕ ನಡುವೆ ಏನು ಸೇರಿಸಿದಳು, ಎಲ್ಲವನ್ನೂ ಕಟ್ಟಿಕೊಂಡು ಬಂದು ನೀಲಕ್ಕನ ಮುಂದೆ ಬಿಚ್ಚಬೇಕು. ನೀಲಕ್ಕ ನಕ್ಕರೆ ನನ್ನ ಕೆಲಸ ಆದಂತೆ. ನಾಲ್ಕು ಜನ ನನ್ನ ಮಾತು ಕೇಳುತ್ತಾರೆಂದರೆ, ಆ ವಿದ್ಯೆಯನ್ನು ನಾನು ಕಲಿತದ್ದು ಯಾವ ಇಸ್ಕೂಲಿನಲ್ಲೂ ಅಲ್ಲ. ಹೊಸಲಿನ ಆಚೆ ಅಜ್ಜಿ, ಈಚೆ ನೀಲಕ್ಕ, ನಡುವೆ ಓಡಾಡಿದ ನನ್ನ ಕಾಲು. ಆ ಜಗಳಕ್ಕೆ ನಾನು ಎಷ್ಟು ಋಣಿಯೆಂದು ಅವರಿಬ್ಬರಿಗೂ ಹೇಳುವ ಹೊತ್ತಿಗೆ ಅವರು ಇರಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಸಂಜೆ, ಕಥೆ ತುದಿಗೆ ಬಂದಿತ್ತು. ಕಳೆದುಹೋದ ಮಗ ತಿರುಗಿ ಬಂದು ತಾಯಿಯ ಬಾಗಿಲಲ್ಲಿ ನಿಂತಿದ್ದಾನೆ, ತಾಯಿಗೆ ಗುರುತು ಸಿಗುತ್ತದೋ ಇಲ್ಲವೋ. ಅಷ್ಟರಲ್ಲಿ ಬೆಟ್ಟದ ಮೇಲಿಂದ ಗಾಳಿ ನುಗ್ಗಿತು, ದೀಪ ಆರಿತು, ದಪ್ಪ ಹನಿಗಳು ಬಿದ್ದವು. ಅಜ್ಜಿ ಕನ್ನಡಕವನ್ನು ಚೀಲಕ್ಕೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿ, ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತರು. ಓಣಿಯ ಹೆಂಗಸರು ತಂತಮ್ಮ ಬಾಗಿಲಿಗೆ ಓಡಿದರು. ಕೋಟೆ ಕೆಳಗಿನವರ ಮನೆ ದೂರ. ಗಂಟುಗಳನ್ನು ತಲೆಗೇರಿಸಿಕೊಂಡು ಗೋಡೆಗೆ ಒತ್ತಿ ನಿಂತರು. ಆಗ ಬಾಗಿಲು ತೆರೆಯಿತು. ನೀಲಕ್ಕ ಒಂದು ಕೈಯಲ್ಲಿ ದೀಪ ಹಿಡಿದಿದ್ದರು.

"ಆಮ್ಯಾಕೆ ಏನಾಯ್ತೆ? ಗುರ್ತು ಹಿಡಿದ್ಲಾ ಇಲ್ವಾ?"

"ಇನ್ನೂ ಓದಿಲ್ಲ ಅಕ್ಕ. ಮಳೆ ಬಂತು."

"ಒಳೀಕ್ ಬಾ ಮತ್ತೆ."

ಅಜ್ಜಿ ಸೊಂಟದ ಚೀಲವನ್ನು ಮುಟ್ಟಿ ತೋರಿಸಿದರು. ನೀಲಕ್ಕ ಇನ್ನೊಂದು ಕೈಯನ್ನು ಮುಂದೆ ಚಾಚಿದರು. ಅದರಲ್ಲಿ ಒಂದು ರೇಷ್ಮೆಯ ಗವುಸು. ತಮ್ಮ ಮದುವೆಯ ಸೀರೆಯ ಅಂಚನ್ನು ಕತ್ತರಿಸಿ ಹೊಲಿದದ್ದು. ಹೊಲಿಗೆ ಹಾವು ಹರಿದ ಹಾಗೆ ಸೊಟ್ಟಗೆ. ಎಷ್ಟು ದಿನದಿಂದ, 'ಯಾಕ್ ನಕ್ರು' ಎಂದು ನನ್ನನ್ನು ಹೊರಗೆ ಓಡಿಸಿ, ನಾನಿಲ್ಲದಾಗ ಹೊಲಿಯುತ್ತಿದ್ದರೋ!

"ಇದ್ರೊಳೀಕೆ ಹಾಕ್ಕೊಂಡ್ ಬಾ. ರೇಷ್ಮೆಯೊಳಗಿದ್ರೆ ತೊಗಲು ನಂಗೆ ಕಾಣಾಕಿಲ್ಲ."

ಅಜ್ಜಿ ಗವುಸನ್ನು ತೆಗೆದುಕೊಂಡರು. ಚೀಲವನ್ನು ಅದರೊಳಗೆ ಇಳಿಸಿದರು. ಆದರೆ ಕಾಲು ಎತ್ತಲಿಲ್ಲ. ತಿರುಗಿ, ಗೋಡೆಗೊತ್ತಿ ತೊಯ್ಯುತ್ತಿದ್ದ ತಿಮ್ಮಕ್ಕನನ್ನೂ ಅವಳ ಜೊತೆಯವರನ್ನೂ ನೋಡಿದರು.

"ಇವ್ರಿಗೆಲ್ಲ ಎಲ್ಲಿಂದ ರೇಷ್ಮೆ ತರ್ಲಿ ಅಕ್ಕ?"

ಮಳೆ ಒಂದೇ ಸಮನೆ ಸುರಿಯುತ್ತಿತ್ತು. ನೀಲಕ್ಕ ದೀಪವನ್ನು ಮೇಲೆತ್ತಿ, ಕಾಣದ ಕಣ್ಣಿನಿಂದ ಅವರ ಮುಖಗಳನ್ನು ಒಂದೊಂದಾಗಿ ಹುಡುಕಿದರು. ಆಮೇಲೆ, ಬೈಯುವ ದನಿಯಲ್ಲೇ, ಹೇಳಿದರು:

"ಕಾಲು ಒರೆಸ್ಕೊಂಡ್ ಬರಾಕ್ ಹೇಳು. ಹಣ್ಣಿನ್ ಮ್ಯಾಲೆ ನೀರ್ ಬಿದ್ರೆ ಬೂಸ್ಟು ಹಿಡೀತದೆ."

ಅಡುಗೆಮನೆಯ ಹೊಸಲು ಎಲ್ಲಿತ್ತೋ ಅಲ್ಲೇ ಉಳಿಯಿತು, ಅದನ್ನೂ ಹೇಳಬೇಕು. ಆದರೆ ಅವತ್ತಿನಿಂದ ಪಡಸಾಲೆ ಎಲ್ಲರದ್ದಾಯಿತು. ಅಜ್ಜಿ ರೇಷ್ಮೆಯಿಂದ ತೊಗಲು, ತೊಗಲಿನಿಂದ ಕನ್ನಡಕ ತೆಗೆದು, ಉಳಿದ ಕಥೆ ಓದಿದರು. ತಾಯಿ ಗುರುತು ಹಿಡಿದಳು. ತಿಮ್ಮಕ್ಕ ಮೂಗು ಸೀಟಿ, ಮಳೆಗೆ ಶೀತವಾಯಿತೆಂದಳು. ಎಲ್ಲ ಎದ್ದುಹೋದ ಮೇಲೆ ನೀಲಕ್ಕ ಅಜ್ಜಿಯ ಪಕ್ಕಕ್ಕೆ ಸರಿದು ಬಂದು, ಯಾರೂ ನೋಡುತ್ತಿಲ್ಲವೆಂದು ತಿಳಿದು, ಕೈ ನೀಡಿದರು.

"ಎಲ್ಲಿ, ನಂಗೂ ಒಂದಪ ಕೊಡು. ಹೆಂಗ್ ಕಾಣ್ತದೋ ನೋಡಾಣ."

ಕನ್ನಡಕ ಹಾಕಿಕೊಂಡು ಮೊದಲು ತಮ್ಮ ಕೈಗಳನ್ನು ನೋಡಿಕೊಂಡರು, ಆಮೇಲೆ ನನ್ನನ್ನು, ಆಮೇಲೆ ಎದುರಿಗಿದ್ದ ದೀಪದ ಕಂಬವನ್ನು. ಮುಖವನ್ನು ಹತ್ತಿರ ತಂದು, ಇನ್ನೂ ಹತ್ತಿರ ತಂದು, ಕಂಬವನ್ನು ಬೆರಳಿಂದ ಸವರಿದರು. ಅದರ ಮೈತುಂಬ ಕೂದಲೆಳೆಯಂಥ ಗೀರು, ಲೆಕ್ಕವಿಲ್ಲದಷ್ಟು.

"ಗೌರಿ... ಇದೆಲ್ಲ ನಾನೇ ತಿಕ್ಕಿದ್ದಾ? ಇಷ್ಟ್ ವರ್ಷ ಹಿಂಗೇ ಗೀರ್ತಾ ಇದ್ನಾ?"

ಅಜ್ಜಿ ಚೀಲವನ್ನು ತೊಡೆಯ ಮೇಲೆ ತೆರೆದು ಹಿಡಿದು, ಕನ್ನಡಕ ವಾಪಸು ಬರಲೆಂದು ಕಾಯುತ್ತ ಕೂತಿದ್ದರು. ಅವಸರವೇನೂ ಇರಲಿಲ್ಲ.

"ಅದಕ್ಕೇ ಕಣಕ್ಕ ಅದು ಹಂಗ್ ಹೊಳಿಯೋದು. ಇನ್ನೊಂಚೂರು ಹೊತ್ತು ಹಾಕ್ಕೊಂಡಿರು."